ಆಟಕ್ಕುಂಟು, ನಿಘಂಟಿಗಿಲ್ಲ

ಈಚೆಗೆ ಒಂದು ರಾತ್ರಿ ಒಂಬತ್ತೂವರೆ ಗಂಟೆಗೆ ನಮ್ಮ ಮನೆಯ ಮಹಡಿ ಕೋಣೆಯಿಂದ ಒಂದು ಆರ್ತನಾದ ಕೇಳಿಸಿತು. "ಸತ್ತೆ, ಸತ್ತೆ! ಲೋ ಮಗಾ, ನಾಕ್ ಆಗ್ಬಿಟ್ಟೆ ಕಣೋ! ಬೇಗ ಬಾರೋ!"

ಕೆಳಗೆ ಜಪಮಣಿ ಎಣಿಸುತ್ತಿದ್ದ ನಮ್ಮಮ್ಮನಿಗೆ ಎಂಬತ್ತೆರಡು ವರ್ಷ, ಎರಡೂ ಮಂಡಿಯಲ್ಲಿ ನೋವು. ದೇವರ ಮನೆಯ ಹೊಸ್ತಿಲು ದಾಟಲೂ ಗೋಡೆ ಹಿಡಿಯುವವರು ಅವತ್ತು ಹದಿನಾರು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದರು, ಕೈಯಲ್ಲಿ ಅರಿಶಿನದ ಡಬ್ಬಿ ಹಿಡಿದುಕೊಂಡು. ಹೋಗಿ ನೋಡಿದರೆ, ಎಂಜಿನಿಯರಿಂಗ್ ಓದಲೆಂದು ನಮ್ಮಲ್ಲಿ ಬಂದಿರುವ ನನ್ನ ತಂಗಿಯ ಮಗ ಹಾಸಿಗೆಯ ಮೇಲೆ ಶೇಷಶಾಯಿಯ ಭಂಗಿಯಲ್ಲಿ ಒರಗಿದ್ದಾನೆ. ಮೊಬೈಲಿನ ಮೇಲೆ ಹೆಬ್ಬೆರಳುಗಳು ಕುಣಿಯುತ್ತಿವೆ. ಮೈಮೇಲೆ ಒಂದು ಗೀರೂ ಇಲ್ಲ.

"ಬ್ಯಾಂಡೇಜ್ ಐದಿದೆ, ಪೇನ್‌ಕಿಲ್ಲರ್ ಒಂದಿದೆ, ತಗೋತೀನಿ ಇರು" ಅಂದ ಹುಡುಗ, ಯಾರಿಗೋ.

"ಬರೀ ಹೊಟ್ಟೇಲಿ ಪೇನ್‌ಕಿಲ್ಲರ್ ತಗೋಬೇಡ್ವೋ" ಅಂದರು ಅಮ್ಮ.

"ಅಜ್ಜೀ, ಸ್ವಲ್ಪ ಸುಮ್ನಿರಿ, ಜೋನ್ ಬರ್ತಿದೆ."

"ಯಾರೋ ಅವನು ಜಾನು? ಇಷ್ಟು ಹೊತ್ತಲ್ಲಿ ಬರ್ತಾನೆ ಅಂದ್ರೆ ಊಟ ಮಾಡ್ಕೊಂಡೇ ಬರ್ತಾನೋ, ಇಲ್ಲಿ ಮಾಡ್ತಾನೋ?"

ಜಾನ್ ಬರಲಿಲ್ಲ. ಆದರೆ ಹತ್ತು ನಿಮಿಷ ಕಳೆದ ಮೇಲೆ ಇನ್ನೂ ಘೋರವಾದ ಸುದ್ದಿ ಬಂತು. "ಚಿಕನ್ ಡಿನ್ನರ್ ಬಂತು ಮಗಾ, ಚಿಕನ್ ಡಿನ್ನರ್!" ಏಕಾದಶಿಯ ದಿನ ಈರುಳ್ಳಿಯನ್ನೂ ಒಳಗೆ ಬಿಡದ ಮನೆ ನಮ್ಮದು. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ವಿಚಾರಣಾ ಆಯೋಗಕ್ಕೆ ನನ್ನನ್ನು ನೇಮಿಸಲಾಯಿತು.

ನೇಮಕಕ್ಕೆ ಕಾರಣ ನನ್ನ ಹಳೆಯ ಉದ್ಯೋಗ. ಮೂವತ್ತು ವರ್ಷ ಕರಡು ತಿದ್ದಿದವನು ನಾನು. ಗೊತ್ತಿಲ್ಲದ ಪದ ಕಂಡರೆ ಕೆಂಪು ಶಾಯಿ ತಾನಾಗಿ ಜಿನುಗುತ್ತದೆ. ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬರು ಊರೂರು ಅಲೆದು, ಎಪ್ಪತ್ತು ಸಾವಿರದಷ್ಟು ಪದ ಕಲೆಹಾಕಿ 1894ರಲ್ಲಿ ನಿಘಂಟು ಅಚ್ಚು ಹಾಕಿಸಿದರು. ನನಗೆ ಅಲೆಯುವ ಕಷ್ಟವಿಲ್ಲ, ಮಹಡಿ ಹತ್ತಿದರೆ ಸಾಕು. ಒಂದು ನೋಟ್‌ಬುಕ್ ಹಿಡಿದು ಹೋದೆ. ಹುಡುಗ ಒಪ್ಪಿದ. ಆದರೆ ಪದಕ್ಕೊಂದು ಬೋಂಡಾ ಎಂಬ ಕರಾರಾಯಿತು. ಬೋಂಡಾ ಕರಿಯುವವಳು ನನ್ನ ಹೆಂಡತಿಯಾದ್ದರಿಂದ ಕರಾರಿನಲ್ಲಿ ನನಗೇನೂ ನಷ್ಟ ಕಾಣಲಿಲ್ಲ.

ಮೊದಲ ಪಾಠದಲ್ಲೇ ಚಿಕನ್ ಡಿನ್ನರ್ ಪ್ರಕರಣ ಇತ್ಯರ್ಥವಾಯಿತು. ಅದು ಗೆದ್ದವರಿಗೆ ತೆರೆಯ ಮೇಲೆ ಕಾಣುವ ಅಭಿನಂದನೆಯ ವಾಕ್ಯ, ಅಷ್ಟೆ. ಕೋಳಿಗೂ ಅದಕ್ಕೂ ಸಂಬಂಧವಿಲ್ಲ. ನಾಕ್ ಆಗುವುದು ಎಂದರೆ ಪೂರ್ತಿ ಸಾಯದೆ ಮಂಡಿಯೂರಿ ತೆವಳುವ ಸ್ಥಿತಿ. ಗೆಳೆಯ ಬಂದು ಪಕ್ಕದಲ್ಲಿ ಕೂತು ಆರೈಕೆ ಮಾಡಿದರೆ ಮತ್ತೆ ಏಳಬಹುದು, ಅದು ರಿವೈವ್. ಜೋನ್ ಎಂದರೆ ಬರಬರುತ್ತ ಕಿರಿದಾಗುವ ವರ್ತುಲ. ಅದರಿಂದ ಹೊರಗಿದ್ದವನ ಪ್ರಾಣ ಸೋರಿ ಹೋಗುತ್ತದೆ. "ಅಂದ್ರೆ ನಮ್ಮ ಪೆನ್ಷನ್ ಥರ" ಅಂದೆ. ಹುಡುಗನಿಗೆ ಅರ್ಥವಾಗಲಿಲ್ಲ. ಅವನ ನಿಘಂಟಿನಲ್ಲಿ ನನ್ನ ಪದಗಳೂ ಇಲ್ಲವಲ್ಲ.

ನಾನು ಮೊದಲು ಟಿಪ್ಪಣಿ ಮಾಡಿಕೊಂಡಿದ್ದು ವ್ಯಾಕರಣವನ್ನು. ಈ ಭಾಷೆ ಇಂಗ್ಲಿಷ್ ಎಂದು ಯಾರಾದರೂ ದೂರಿದರೆ ನಂಬಬೇಡಿ. ನಾಕ್ ಆದೆ, ಲ್ಯಾಗ್ ಆಗ್ತಿದೆ, ಲೂಟ್ ಮಾಡ್ಕೊ, ಕ್ಯಾಂಪ್ ಮಾಡ್ತಾವ್ನೆ, ರಶ್ ಮಾಡೋಣ್ವಾ. ಹೊರೆ ಇಂಗ್ಲಿಷಿನದು, ಗಾಡಿ ನಮ್ಮದು. ಆಗು, ಮಾಡು ಎಂಬ ಎರಡು ಎತ್ತುಗಳು ಆಂಗ್ಲರ ಕಣಜವನ್ನು ಇಡಿಯಾಗಿ ಎಳೆದುಕೊಂಡು ಹೋಗುತ್ತಿವೆ. ಅದರಲ್ಲೂ ಒಂದು ಸೂಕ್ಷ್ಮವಿದೆ. ಹೊಡೆದರೆ ಮಾಡು, ಹೊಡೆಸಿಕೊಂಡರೆ ಆಗು. "ಮೂರು ಜನರನ್ನ ನಾಕ್ ಮಾಡ್ದೆ" ಎನ್ನುವಾಗ ಎದೆ ಮುಂದೆ. "ನಾಕ್ ಆದೆ" ಎನ್ನುವಾಗ ಅದು ವಿಧಿಲಿಖಿತ, ಇವನದೇನೂ ತಪ್ಪಿಲ್ಲ. ವ್ಯಾಕರಣಕಾರ ಕೇಶಿರಾಜನಿದ್ದಿದ್ದರೆ ಒಂದು ಸೂತ್ರವನ್ನೇ ಬರೆಯುತ್ತಿದ್ದ.

ಲ್ಯಾಗ್ ಪದವಂತೂ ಕರ್ಮಸಿದ್ಧಾಂತದ ಹೊಸ ಅವತರಣಿಕೆ. ಜಾಲದಲ್ಲಿ ಸುದ್ದಿ ಹೋಗಿಬರಲು ತಡವಾದರೆ ಆಟ ಮುಗ್ಗರಿಸುತ್ತದೆ. ಇವನು ಇಲ್ಲಿ ಗುಂಡು ಹಾರಿಸುವಷ್ಟರಲ್ಲಿ ಅವನು ಅಲ್ಲಿಂದ ಹೋಗಿರುತ್ತಾನೆ. ಅದು ನಿಜವಾದ ಲ್ಯಾಗ್. ಆದರೆ ನನ್ನ ಎಣಿಕೆಯಲ್ಲಿ ಹುಡುಗ ಒಂದು ಸಂಜೆ ಹನ್ನೊಂದು ಸಲ ಸತ್ತ, ಹನ್ನೊಂದು ಸಲವೂ ಲ್ಯಾಗ್‌ನಿಂದಲೇ ಸತ್ತ. ಗೆದ್ದ ಎರಡು ಆಟದಲ್ಲಿ ಮಾತ್ರ ಜಾಲ ಸಲೀಸಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪಾಪ, ಅವಳ ಕಾಲದಲ್ಲಿ ವೈಫೈ ಇರಲಿಲ್ಲ, ನೆಲವನ್ನು ದೂರಬೇಕಾಯಿತು.

ಈ ಪದಗಳಿಗೆ ವಂಶಾವಳಿ ಇದೆಯೇ ಎಂದು ಹುಡುಕಿದೆ. ಇದೆ, ಅದೂ ನಾನು ಪ್ರೈಮರಿ ಶಾಲೆಯಲ್ಲಿದ್ದ ಕಾಲದಿಂದ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಮಡ್ ಎಂಬ ಆಟ ಕಟ್ಟಲು ಶುರುಮಾಡಿದ, ರಿಚರ್ಡ್ ಬಾರ್ಟಲ್ ಕೈಜೋಡಿಸಿ ಮುಂದುವರಿಸಿದ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. "ನೀನೊಂದು ಕಾಡಿನಲ್ಲಿದ್ದೀಯ" ಎಂಬ ಧಾಟಿಯಲ್ಲಿ ಯಂತ್ರ ಬರೆಯುವುದು, "ಉತ್ತರಕ್ಕೆ ಹೋಗು" ಎಂಬ ಧಾಟಿಯಲ್ಲಿ ಆಟಗಾರರು ಉತ್ತರಿಸುವುದು. ಹಲವರು ಒಂದೇ ಕಾಲಕ್ಕೆ ಒಂದೇ ಕಲ್ಪನೆಯೊಳಗೆ ಓಡಾಡುವ ಲೋಕಗಳ ಮೂಲಪುರುಷ ಅದು. ಅದರಲ್ಲಿ ತಾವಾಗಿ ಓಡಾಡುವ ಪ್ರಾಣಿ, ಭೂತ, ರಾಕ್ಷಸರಿಗೆ ಒಂದು ಹೆಸರು ಬೇಕಾಯಿತು. ಚಾವಣಿಯಿಂದ ತೂಗಿಬಿಟ್ಟು ಗಾಳಿಗೆ ಅಲುಗುವ ಅಲಂಕಾರದ ವಸ್ತುವಿಗೆ ಇಂಗ್ಲಿಷಿನಲ್ಲಿ ಮೊಬೈಲ್ ಎನ್ನುತ್ತಾರಲ್ಲ, ಆ ಅಲುಗಾಟ ನೆನಪಾಗಿ ಬಾರ್ಟಲ್ ಇವಕ್ಕೂ ಮೊಬೈಲ್ ಎಂದು ಕರೆದ. ಅದೇ ಸವೆದು ಮಾಬ್ ಆಯಿತು. ಇವತ್ತಿಗೂ ಆಟದೊಳಗಿನ ಯಾವ ಪಿಶಾಚಿಯೂ ಮಾಬ್. ಅವತ್ತು ಆಟದೊಳಗೆ ಮೊಬೈಲ್ ಇತ್ತು, ಇವತ್ತು ಮೊಬೈಲಿನೊಳಗೆ ಆಟವಿದೆ. ಪಿಶಾಚಿ ಯಾವುದರೊಳಗೆ ಎಂದು ಅಮ್ಮನನ್ನು ಕೇಳಿದರೆ ಖಚಿತವಾದ ಉತ್ತರ ಸಿಗುತ್ತದೆ.

ಇನ್ನೊಂದು ಪದ ಹೇಳಿದಾಗ ಅಮ್ಮನ ಮುಖವೇ ಅರಳಿತು. ಆಟದೊಳಗೆ ನಮ್ಮ ಪರವಾಗಿ ಓಡಾಡುವ ಗೊಂಬೆಗೆ ಅವತಾರ ಎನ್ನುತ್ತಾರೆ. ಇಂಗ್ಲಿಷರು ಬಾಲ ಮೊಟಕು ಮಾಡಿ ಅವತಾರ್ ಎಂದರೂ ಪದ ನಮ್ಮದೇ. ಅಮೆರಿಕದ ರಿಚರ್ಡ್ ಗ್ಯಾರಿಯಟ್ 1985ರಲ್ಲಿ ತಂದ ಅಲ್ಟಿಮಾ ಸರಣಿಯ ನಾಲ್ಕನೆಯ ಆಟದಲ್ಲಿ ರಾಕ್ಷಸನನ್ನು ಕೊಂದು ಗೆಲ್ಲುವುದಲ್ಲ, ಎಂಟು ಸದ್ಗುಣಗಳನ್ನು ಸಾಧಿಸಿ ಅವತಾರವೆನಿಸಿಕೊಳ್ಳುವುದೇ ಗುರಿ. ಮರುವರ್ಷ ಲ್ಯೂಕಸ್‌ಫಿಲ್ಮ್‌ನವರು ಕಮೊಡೋರ್ 64 ಎಂಬ ಪುಟ್ಟ ಕಂಪ್ಯೂಟರಿಗೆ ಮಾಡಿದ ಹ್ಯಾಬಿಟಾಟ್ ಆಟದಲ್ಲಿ ತೆರೆಯ ಮೇಲಿನ ಗೊಂಬೆಗೇ ಆ ಹೆಸರು ಅಂಟಿತು. 1992ರಲ್ಲಿ ನೀಲ್ ಸ್ಟೀಫನ್‌ಸನ್‌ ಬರೆದ ಸ್ನೋ ಕ್ರ್ಯಾಶ್ ಕಾದಂಬರಿ ಅದನ್ನು ಮನೆಮಾತಾಗಿಸಿತು. ಮೆಟಾವರ್ಸ್ ಎಂಬ ಪದ ಹುಟ್ಟಿದ್ದೂ ಆ ಕಾದಂಬರಿಯಲ್ಲೇ.

ಅವತಾರ ಎಂದರೆ ಇಳಿದು ಬರುವುದು. ನಮ್ಮ ಹುಡುಗನ ಆಟದಲ್ಲಿ ನೂರು ಜನ ಒಂದೇ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಅಕ್ಷರಶಃ ಇಳಿಯುತ್ತಾರೆ. ಧಾತ್ವರ್ಥಕ್ಕೆ ಇಷ್ಟು ನಿಷ್ಠೆ ನಮ್ಮ ಪುರಾಣಿಕರಲ್ಲೂ ಕಾಣೆ. ವಿಷ್ಣು ಹತ್ತರಲ್ಲಿ ಮುಗಿಸಿದ. ಇವರು ಒಂದು ಸಂಜೆಗೆ ಹದಿನೈದು ಅವತಾರ ಎತ್ತುತ್ತಾರೆ. ಅವನು ಇಳಿದದ್ದು ಧರ್ಮಸಂಸ್ಥಾಪನೆಗೆ, ಇವರು ಇಳಿಯುವುದು ಲೂಟ್‌ಗೆ.

ಲೂಟ್ ಕೂಡ ನಮ್ಮ ಮನೆಯ ಪದವೇ. ನಾವು ಲೂಟಿ ಎನ್ನುತ್ತೇವೆ, ಸಂಸ್ಕೃತದ ಬೇರು, ಹಿಂದಿಯ ಕಾಂಡ. ಕಂಪನಿ ಸರಕಾರದವರು ಇಲ್ಲಿಂದ ಏನೇನು ಸಾಗಿಸಿದರೋ ಅದರ ಜೊತೆಗೆ ಆ ಕೆಲಸದ ಹೆಸರನ್ನೂ ಸಾಗಿಸಿದರು. ಈಗ ಅದು ಆಟದ ಮೂಲಕ ಬಡ್ಡಿಯಿಲ್ಲದೆ ಹಿಂದಿರುಗಿದೆ. ಸತ್ತವನ ಪೆಟ್ಟಿಗೆಯಿಂದ ಹೆಲ್ಮೆಟ್ಟು, ಗುಂಡು, ಎನರ್ಜಿ ಡ್ರಿಂಕು ಬಾಚಿಕೊಳ್ಳುವುದು ಲೂಟ್. ಮಂಗಳೂರಿನ ಕಡೆ ಲೂಟಿ ಎಂದರೆ ಮಕ್ಕಳ ತುಂಟಾಟ, "ಲೂಟಿ ಮಾಡ್ಬೇಡ ಮಾರಾಯ" ಎಂದು ಗದರುತ್ತಾರೆ. ಇಪ್ಪತ್ತು ವರ್ಷದ ಹುಡುಗರು ಹಾಸಿಗೆಯಲ್ಲಿ ಬಿದ್ದುಕೊಂಡು ಇಲ್ಲದ ಹೆಣದ ಜೇಬಿನಿಂದ ಇಲ್ಲದ ಗುಂಡು ಕದಿಯುವುದಕ್ಕೆ ಕರಾವಳಿಯ ಅರ್ಥವೇ ಹೆಚ್ಚು ಸರಿ ಎಂದು ಪಕ್ಕದಲ್ಲಿ ಬರೆದುಕೊಂಡೆ.

ಹುಡುಗ ಹೈಸ್ಕೂಲಿನಲ್ಲಿದ್ದಾಗ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ದೊಡ್ಡ ಆಟವನ್ನೂ ಕಂಪ್ಯೂಟರಿನಲ್ಲಿ ಆಡಿದ್ದನಂತೆ. 2004ರಲ್ಲಿ ಶುರುವಾಗಿ 2010ರ ಹೊತ್ತಿಗೆ 1.2 ಕೋಟಿ ಚಂದಾದಾರರನ್ನು ಕಂಡ ಲೋಕ ಅದು. ಅಲ್ಲಿ ಡ್ರ್ಯಾಗನ್‌ಗಳಿವೆ, ಮಂತ್ರವಾದಿಗಳಿದ್ದಾರೆ. ಅಲ್ಲಿನ ಜನ ಮಾತಾಡುವುದು ಮಾತ್ರ ಕೂಲಿ ಲೆಕ್ಕದ ಭಾಷೆ. ಗ್ರೈಂಡ್ ಮಾಡಬೇಕು, ಎಂದರೆ ಒಂದೇ ಕೆಲಸವನ್ನು ನೂರು ಸಲ ಮಾಡಿ ಲೆವೆಲ್ ಏರಬೇಕು. ಫಾರ್ಮ್ ಮಾಡಬೇಕು, ಎಂದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೊಂದು ಸಾಮಾನು ಕೂಡಿಹಾಕಬೇಕು. ಫಾರ್ಮ್ ಎಂದಾಗ ಅಮ್ಮ ಆಸೆಯಿಂದ "ಎಷ್ಟು ಎಕರೆ?" ಎಂದರು. ಗ್ರೈಂಡ್ ಎಂದಾಗ, ಬೋಂಡಾದ ಹತ್ತನೆಯ ಕಂತು ತಂದಿಟ್ಟ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, "ಮೂವತ್ತು ವರ್ಷದಿಂದ ನಾನು ದಿನಾ ಗ್ರೈಂಡ್ ಮಾಡ್ತಾನೇ ಇದೀನಲ್ಲ, ನನ್ನ ಲೆವೆಲ್ ಯಾಕೋ ಏರಿಲ್ಲ?" ಎಂದಳು. ಮಾವ ಸೋದರಳಿಯ ಇಬ್ಬರೂ ಬೋಂಡಾ ನೋಡಿದೆವು.

ಅಲ್ಲಿ ದೊಡ್ಡ ರಾಕ್ಷಸನ ಮೇಲೆ ದಂಡೆತ್ತಿ ಹೋಗುವುದಕ್ಕೆ ರೇಡ್ ಎನ್ನುತ್ತಾರೆ. ಮೊದಮೊದಲು ನಲವತ್ತು ಜನ ಕೂಡಿ ಹೋಗಬೇಕಿತ್ತು. ನಲವತ್ತು ಜನರಲ್ಲಿ ಮೂರು ಜಾತಿ. ಮುಂದೆ ನಿಂತು ಬೈದು ಕೆರಳಿಸಿ ರಾಕ್ಷಸನ ಸಿಟ್ಟನ್ನೆಲ್ಲ ಮೈಮೇಲೆ ಎಳೆದುಕೊಳ್ಳುವವನು ಟ್ಯಾಂಕ್. ಆ ಸಿಟ್ಟಿಗೆ ಅಗ್ರೋ ಎಂದು ಹೆಸರು. ಹಿಂದೆ ನಿಂತು ಗಾಯ ಮಾಯಿಸುವವನು ಹೀಲರ್. ಮರೆಯಲ್ಲಿ ನಿಂತು ಬಾಣ, ಬೆಂಕಿ ಎಸೆಯುವವರು ಡಿಪಿಎಸ್, ಸೆಕೆಂಡಿಗೆ ಎಷ್ಟು ಪೆಟ್ಟು ಎಂಬ ಲೆಕ್ಕವೇ ಅವರ ಜಾತಿಯ ಹೆಸರು.

ಹುಡುಗ ಇದನ್ನು ವೇದಾಂತದಂತೆ ವಿವರಿಸಿದ. ಕೂಡುಕುಟುಂಬದಲ್ಲಿ ಬೆಳೆದ ನನಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಅಪ್ಪ ನನ್ನ ಮಾರ್ಕ್ಸ್ ಕಾರ್ಡ್ ಹಿಡಿದು ಹಲ್ಲು ಕಡಿಯುತ್ತಿದ್ದಾಗ ನಮ್ಮಜ್ಜಿ ನಡುವೆ ಬಂದು, "ನೀನೇನು ಮಹಾ ಕಡಿದು ಕಟ್ಟೆ ಹಾಕಿದ್ಯೋ?" ಎಂದು ಕೇಳಿ ಸಿಟ್ಟನ್ನೆಲ್ಲ ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಅವಳು ಟ್ಯಾಂಕ್. ಅಷ್ಟರಲ್ಲಿ ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದು ಕೈಗೊಂದು ಕೋಡುಬಳೆ ಕೊಟ್ಟು ಕಣ್ಣು ಒರೆಸುತ್ತಿದ್ದಳು. ಅವಳು ಹೀಲರ್. ಚಿಕ್ಕಪ್ಪ ಪಡಸಾಲೆಯ ಮೂಲೆಯಲ್ಲಿ ಪೇಪರ್ ಓದುವ ನೆವದಲ್ಲಿ, "ಅಣ್ಣನಿಗೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಷ್ಟು ಬಂದಿತ್ತಮ್ಮಾ?" ಎಂದು ಒಂದೊಂದೇ ಬಾಣ ಬಿಡುತ್ತಿದ್ದ. ಅಪ್ಪ ಉರುಳುತ್ತಿದ್ದರು. ವಾರ್‌ಕ್ರಾಫ್ಟ್‌ನವರು ನಲವತ್ತು ಜನರಿಂದ ಮಾಡಿಸಿದ್ದನ್ನು ನಮ್ಮ ಮನೆಯಲ್ಲಿ ಮೂರು ಜನ ಮಾಡಿ ಮುಗಿಸುತ್ತಿದ್ದರು.

ನೋಟ್‌ಬುಕ್ಕಿನಲ್ಲಿ ಹತ್ತು ಪುಟ ತುಂಬಿದ ಮೇಲೆ, ಕರಡು ತಿದ್ದುವವನ ಚಟದಂತೆ, ಪದಗಳನ್ನು ಗುಂಪು ಗುಂಪಾಗಿ ವಿಂಗಡಿಸಿದೆ. ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಡ್ರ್ಯಾಗನ್ನು, ಬೇತಾಳ, ಅಸ್ಥಿಪಂಜರ, ಬೆಂಕಿಯುಗುಳುವ ನಾಯಿ, ಎಲ್ಲಕ್ಕೂ ಸೇರಿ ಆಟಗಾರರ ಬಾಯಲ್ಲಿರುವುದು ಎರಡೇ ಪದ. ಸಣ್ಣದಾದರೆ ಮಾಬ್, ದೊಡ್ಡದಾದರೆ ಬಾಸ್. ಮಿಕ್ಕ ಪುಟಗಳೆಲ್ಲ ಪಕ್ಕದಲ್ಲಿರುವ ಮನುಷ್ಯನ ಬಗ್ಗೆ!

ಬೇಕೆಂದೇ ಕಿರುಕುಳ ಕೊಡುವವನು ಗ್ರೀಫರ್. ಒಂಟಿಯಾಗಿ ಸಿಕ್ಕವನ ಮೇಲೆ ಗುಂಪಾಗಿ ಎರಗುವುದು ಗ್ಯಾಂಕ್. ಎಲ್ಲರೂ ಬಡಿದಾಡಿ ಗೆದ್ದ ನಿಧಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಗರಿಸಿ ಪರಾರಿಯಾಗುವವನು ನಿಂಜಾ. ಪೊದೆಯಲ್ಲಿ ಅವಿತು ಕೂತು ಹೋಗಿಬರುವವರನ್ನು ಹೊಡೆಯುವವನು ಕ್ಯಾಂಪರ್. ಏನೂ ಮಾಡದೆ ಪಾಲು ಪಡೆಯುವವನು ಲೀಚ್, ನಮ್ಮ ಜಿಗಣೆ. ಹೊಸದಾಗಿ ಬಂದವನು ನ್ಯೂಬಿ, ಬಂದು ವರ್ಷವಾದರೂ ಕಲಿಯದವನು ನೂಬ್. ಮೊದಲನೆಯದು ವಯಸ್ಸಿನ ಮಾತು, ಎರಡನೆಯದು ಬೈಗುಳ. ನಮ್ಮಲ್ಲಿ ಎಳಸು ಎಂಬ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಯಂತ್ರ ಆಡಿಸುವ ದಡ್ಡ ಗೊಂಬೆ ಬಾಟ್. ಮನುಷ್ಯನೇ ಬಾಟ್‌ನಂತೆ ಆಡಿದರೆ ಅವನೂ ಬಾಟ್, ಇದು ಇನ್ನೂ ದೊಡ್ಡ ಬೈಗುಳ. ಪಳಗಿದ ಹಳೇ ಹುಲಿಯೊಂದು ಹೊಸ ಹೆಸರಿನಲ್ಲಿ ಖಾತೆ ತೆರೆದು ಎಳಸುಗಳ ನಡುವೆ ನುಗ್ಗಿ ಚಿಂದಿ ಮಾಡಿದರೆ ಅದು ಸ್ಮರ್ಫ್.

"ಸ್ಮರ್ಫ್ ನಿಮಗೆ ಅರ್ಥ ಆಗಲ್ಲ ಮಾವ" ಎಂದ ಹುಡುಗ. ಅರ್ಥವಾಗದೆ ಏನು? ವಿರಾಟನ ಮನೆಯಲ್ಲಿ ಹೆಣ್ಣುಡುಗೆ ಉಟ್ಟು ನಾಟ್ಯ ಕಲಿಸುತ್ತಿದ್ದ ಬೃಹನ್ನಳೆ ಒಂದು ದಿನ ಗಾಂಡೀವ ಎತ್ತಿಕೊಂಡಾಗ ಕೌರವರಿಗೆ ಆದದ್ದೇ ಅದು. ಅದೇ ರಥದಲ್ಲಿದ್ದ ಉತ್ತರಕುಮಾರ ಶುದ್ಧ ನೂಬ್. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಮ್ಮವರು ಎಂದೋ ದಾಖಲಿಸಿದ್ದಾರೆ. ಇಷ್ಟು ಹೇಳಿದ ಮೇಲೆ ಹುಡುಗ ಮೊದಲ ಬಾರಿಗೆ ಮೊಬೈಲ್ ಮಗುಚಿಟ್ಟು, "ಅಂದ್ರೆ ವಿರಾಟಪರ್ವ ಫುಲ್ಲು ಸ್ಮರ್ಫ್ ಸ್ಟೋರಿನಾ?" ಎಂದು ಕೇಳಿದ. ಕನ್ನಡ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಪದಗಳ ಹಂಚಿಕೆ ಹೀಗೇಕೆ? ಡ್ರ್ಯಾಗನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹತ್ತಿರ ಹೋದರೆ ಬೆಂಕಿ ಉಗುಳುತ್ತದೆ, ದೂರ ನಿಂತರೆ ಸುಮ್ಮನಿರುತ್ತದೆ. ಅದು ಸಂಭಾವಿತ ಪ್ರಾಣಿ. ಪಕ್ಕದವನು ಹಾಗಲ್ಲ. ಅದಕ್ಕೆ ಸಾಕ್ಷಿ ಇದೆ.

2005ರ ಸೆಪ್ಟೆಂಬರಿನಲ್ಲಿ ಇದೇ ವಾರ್‌ಕ್ರಾಫ್ಟ್ ಲೋಕದಲ್ಲಿ ಹಕ್ಕಾರ್ ಎಂಬ ಬಾಸ್ ತನ್ನ ಮೇಲೆ ಬಂದವರಿಗೆ ಒಂದು ಅಂಟುರೋಗ ಹತ್ತಿಸುತ್ತಿದ್ದ. ಅದು ಅವನ ನೆಲೆಯೊಳಗೇ ಹುಟ್ಟಿ ಅಲ್ಲೇ ಮುಗಿಯಬೇಕಾದ ಕಾಯಿಲೆ. ಆಟಗಾರರ ಸಾಕುಪ್ರಾಣಿಗಳ ಮೂಲಕ ಅದು ಊರಿಗೆ ಬಂತು. ಬಂದದ್ದು ಕೈತಪ್ಪಿ ಇರಬಹುದು, ಬೆಳೆದದ್ದು ಕೈತಪ್ಪಿ ಅಲ್ಲ. ಕೆಲವರು ರೋಗ ಹತ್ತಿಸಿಕೊಂಡು ಬೇಕೆಂದೇ ಸಂತೆಯ ನಡುವೆ ಓಡಿದರು. ದಿಗ್ಬಂಧನ ಹಾಕಿದರೆ ಜನ ಕೇಳಲಿಲ್ಲ. ಬೀದಿಗಳಲ್ಲಿ ಅಸ್ಥಿಪಂಜರಗಳ ರಾಶಿ. ಕೊನೆಗೆ ಕಂಪನಿಯವರು ಯಂತ್ರಗಳನ್ನೇ ಆರಿಸಿ ಹೊತ್ತಿಸಿ ಸರಿಮಾಡಬೇಕಾಯಿತು. 2007ರಲ್ಲಿ ಎರಿಕ್ ಲಾಫ್ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಸಂಶೋಧಕರು ಲ್ಯಾನ್ಸೆಟ್ ಬಳಗದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಇದರ ಮೇಲೆ ಲೇಖನ ಬರೆದರು. ನಿಜವಾದ ಸಾಂಕ್ರಾಮಿಕ ಬಂದಾಗ ಜನ ಹೇಗೆ ವರ್ತಿಸಿಯಾರು ಎಂಬುದಕ್ಕೆ ಇದು ಪಾಠ ಎಂದರು. ಆ ಪಾಠವನ್ನು ನಾವೆಲ್ಲ 2020ರಲ್ಲಿ ನಮ್ಮ ನಮ್ಮ ಬೀದಿಯಲ್ಲಿ ಮೂಗಿನಿಂದ ಕೆಳಗೆ ಜಾರಿದ ಮಾಸ್ಕ್ ಹಾಕಿಕೊಂಡು ಓದಿದೆವು.

ವಾರ್‌ಕ್ರಾಫ್ಟ್‌ನಲ್ಲಿ ಅದೇ 2005ರ ಇನ್ನೊಂದು ಕಥೆ. ಆಟಗಾರರ ಗುಂಪೊಂದು ಗುಹೆಯ ಬಾಗಿಲಲ್ಲಿ ನಿಂತು ಗಂಭೀರವಾಗಿ ವ್ಯೂಹ ರಚಿಸುತ್ತಿದೆ. ಬದುಕುಳಿಯುವ ಸಾಧ್ಯತೆ ಶೇಕಡ 32.33 ಎಂದು ಒಬ್ಬ ದಶಾಂಶದವರೆಗೆ ಲೆಕ್ಕ ಹಾಕಿದ್ದಾನೆ. ಲೀರಾಯ್ ಜೆಂಕಿನ್ಸ್ ಎಂಬ ಪಾತ್ರದವನು ಅಷ್ಟು ಹೊತ್ತು ಎದ್ದು ಹೋಗಿದ್ದ. ಬಂದವನೇ ತನ್ನ ಹೆಸರನ್ನು ತಾನೇ ಬಾಯಿತುಂಬ ಕೂಗಿಕೊಂಡು ಒಳಗೆ ನುಗ್ಗಿದ. ಅವನನ್ನು ಉಳಿಸಲು ಹೋದ ಎಲ್ಲರೂ ಸತ್ತರು. ಅವನ ಸಮಾಧಾನವೇನೆಂದರೆ ತನ್ನ ಬಳಿ ತಿನ್ನಲು ಚಿಕನ್ ಇದೆ ಎಂಬುದು! (ಇಲ್ಲೂ ಚಿಕನ್ನೇ. ಇದನ್ನು ಅಮ್ಮನಿಗೆ ಹೇಳಿಲ್ಲ.) ಅದು ಮೊದಲೇ ಸಜ್ಜುಗೊಳಿಸಿ ಆಡಿದ ನಾಟಕ ಎಂದು ಆಮೇಲೆ ತಿಳಿದರೂ ಹೆಸರು ನಿಂತಿತು. ಹಿಂದುಮುಂದು ನೋಡದೆ ನುಗ್ಗುವವನೆಲ್ಲ ಈಗ ಲೀರಾಯ್. ನಮ್ಮ ಕಡೆ ಹಾಗೆ ನುಗ್ಗಿದವನಿಗೆ ಅಭಿಮನ್ಯು ಎಂದು ಹೆಸರಿಟ್ಟು ಅಳುತ್ತೇವೆ. ಅವರು ನಗುತ್ತಾರೆ. ಆಟದಲ್ಲಿ ಸತ್ತವನು ಮತ್ತೆ ಹುಟ್ಟಿಬರುವುದಕ್ಕೆ ರೀಸ್ಪಾನ್ ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ, ಅಭಿಮನ್ಯುವಿಗೆ ರೀಸ್ಪಾನ್ ಇರಲಿಲ್ಲ.

ಇಷ್ಟೆಲ್ಲ ಕೇಡಿನ ಮಾತು ಬರೆದ ಮೇಲೆ ಕೊನೆಯ ಪುಟದಲ್ಲಿ ನಾಲ್ಕು ಒಳ್ಳೆಯ ಪದಗಳೂ ಉಳಿದವು, ಬರೆಯದಿದ್ದರೆ ಅನ್ಯಾಯ. ಆಟ ಮುಗಿದ ಮೇಲೆ ಸೋತವನೂ ಗೆದ್ದವನೂ ಜಿಜಿ ಎನ್ನುತ್ತಾರೆ, ಚೆನ್ನಾಗಿ ಆಡಿದೆವು ಎಂದರ್ಥ. ಎರಡು ಅಕ್ಷರದಲ್ಲಿ ಜಗಳ ಮುಗಿಯುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳ ಸಭೆಗಳಿಗೆ ಇದನ್ನು ತರುವುದು ಸಾಧ್ಯವೇ ಎಂದು ಯೋಚಿಸುತ್ತಿದ್ದೇನೆ. ಐಸ್‌ಲ್ಯಾಂಡಿನವರು 2003ರಲ್ಲಿ ತಂದ ಈವ್ ಆನ್‌ಲೈನ್ ಎಂಬ ಅಂತರಿಕ್ಷದ ಲೋಕದಲ್ಲಿ ಇಂಗ್ಲಿಷಿನ ಓ ಅಕ್ಷರ, ಪಕ್ಕದಲ್ಲಿ ಏಳು ಬರೆದರೆ ಸಲಾಮು. ಓ ತಲೆಯಂತೆ, ಏಳು ಹಣೆಗೆ ಎತ್ತಿದ ಕೈಯಂತೆ. ದುರ್ಬಲನನ್ನು ತಂಡದವರು ಹೊತ್ತು ಗೆಲ್ಲಿಸುವುದಕ್ಕೆ ಕ್ಯಾರಿ ಎನ್ನುತ್ತಾರೆ. ಮತ್ತೆ ರಿವೈವ್. ಇದಂತೂ ನಮ್ಮ ಕಬಡ್ಡಿಯ ಅಂಗಳದಲ್ಲಿ ಹಳೆಯದು. ಔಟಾಗಿ ಗೆರೆಯಾಚೆ ಕೂತವನು, ತನ್ನ ಕಡೆಯವನು ಒಬ್ಬನನ್ನು ಮುಟ್ಟಿ ಬಂದ ಕೂಡಲೇ ಮಣ್ಣು ಕೊಡವಿಕೊಂಡು ಒಳಗೆ ಬರುತ್ತಾನೆ. ಯಾರೋ ಉಸಿರು ಬಿಗಿಹಿಡಿದದ್ದರಿಂದ ಇವನಿಗೆ ಉಸಿರು ಬರುತ್ತದೆ.

ಹುಡುಗನ ಆಟಕ್ಕೂ ರಿವೈವ್ ಆದ ಚರಿತ್ರೆ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿ ಎಂಬ ಈ ಆಟವೂ ನಾಕ್ ಆಯಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೊಸ ಅವತಾರವೆತ್ತಿತು. ಮರುವರ್ಷ ಮತ್ತೆ ಆ್ಯಪ್ ಅಂಗಡಿಯಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ನಮ್ಮಮ್ಮನ ಪಾಲಿಗೆ ಈ ನಡುವಿನ ಘಟನೆಗಳು ನಡೆದೇ ಇಲ್ಲ. ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ ಅವರಿಗೆ ಮೊಬೈಲಿನ ಮೇಲೆ ಬೆರಳು ಆಡಿದರೆ ಅದು ಪಬ್ಜಿ. ನಾನು ವಾಟ್ಸಾಪ್‌ನಲ್ಲಿ ಸುಪ್ರಭಾತ ಕಳಿಸುತ್ತಿದ್ದರೂ, "ನೀನೂ ಪಬ್ಜಿ ಶುರುಮಾಡಿದ್ಯಾ?" ಎನ್ನುತ್ತಾರೆ. ಸರ್ಕಾರ ಆಟವನ್ನು ನಿಷೇಧಿಸಬಹುದು, ಅಜ್ಜಿಯರ ಬಾಯಿಂದ ಪದವನ್ನು ಕಿತ್ತುಕೊಳ್ಳಲಾಗದು.

ನಿಘಂಟುಕಾರ ಕ್ಷೇತ್ರಕಾರ್ಯ ಮಾಡಬೇಕಲ್ಲವೇ? ಕಳೆದ ಭಾನುವಾರ ನಾನೂ ಇಳಿದೆ. ಪೊಚಿಂಕಿ ಎಂಬ ಊರಲ್ಲಿ ಇಳಿಯೋಣ ಎಂದರು. (ಅಮ್ಮ, "ಅದು ಯಾವ ಬಸ್ ಸ್ಟಾಪಿನ ಹತ್ರ?") ಇಳಿದು ಸಿಕ್ಕಿದ ಮನೆಗೆ ನುಗ್ಗಿ, ಸಿಕ್ಕಿದ ಬಾಣಲೆ ಹಿಡಿದೆ. ಈ ಆಟದಲ್ಲಿ ಬಾಣಲೆಗೆ ಗುಂಡು ನಾಟುವುದಿಲ್ಲ, ತಾಗಿ ಸಿಡಿದು ಹೋಗುತ್ತದೆ. ಅಡುಗೆಮನೆಯ ಸಾಮಾನಿಗೆ ಇಷ್ಟು ಮರ್ಯಾದೆ ಕೊಟ್ಟ ಯುದ್ಧಶಾಸ್ತ್ರ ಇನ್ನೊಂದಿಲ್ಲ. ಆಮೇಲೆ ಬಚ್ಚಲುಮನೆಯ ಮೂಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತೆ. ಹನ್ನೆರಡು ನಿಮಿಷ ಅಲ್ಲಾಡಲಿಲ್ಲ. ಹೊರಗೆ ಗುಂಡಿನ ಮಳೆ. ನಾನು ಯಾರನ್ನೂ ಹೊಡೆಯಲಿಲ್ಲ, ಯಾರೂ ನನ್ನನ್ನು ಹೊಡೆಯಲಿಲ್ಲ.

ಹುಡುಗನ ಗೆಳೆಯರು ಮೊದಲು ಮರ್ಯಾದೆಯಿಂದಲೇ "ಅಂಕಲ್ ಕ್ಯಾಂಪ್ ಮಾಡ್ತಿದಾರೆ" ಎಂದರು. ಆಮೇಲೆ ಒಬ್ಬ, "ಅಂಕಲ್ ನೂಬ್ ಅಲ್ವಾ" ಎಂದ. ಇನ್ನೊಬ್ಬ, ನನಗೆ ಕೇಳಿಸುತ್ತಿದೆ ಎಂಬುದನ್ನು ಮರೆತು, "ಲೋ, ಅದು ನಿಮ್ಮ ಮಾವನೋ ಬಾಟೋ?" ಎಂದ. ಎರಡು ವಾರ ಬೋಂಡಾ ಸುರಿದು ಕಲಿತ ಪದಗಳೆಲ್ಲ ಒಂದೊಂದಾಗಿ ನನ್ನ ಮೈಮೇಲೇ ಬಿದ್ದವು. ಒಂದರ ಅರ್ಥವನ್ನೂ ಕೇಳಬೇಕಾಗಲಿಲ್ಲ.

ಆಗ ನಮ್ಮ ಹುಡುಗ, "ಪರವಾಗಿಲ್ಲ ಬಿಡ್ರೋ, ಮಾವ ಇರ್ಲಿ. ಸುಮ್ನೆ ಜೊತೆಗಿರ್ತಾರೆ" ಎಂದ. ಬಾಗಿಲಲ್ಲಿ ನಿಂತಿದ್ದ ಅಮ್ಮ ಬೊಚ್ಚುಬಾಯಲ್ಲಿ ನಕ್ಕರು. "ಇದಕ್ಕೆ ಅಷ್ಟೊಂದು ಇಂಗ್ಲಿಷ್ ಯಾಕೋ? ಇವನು ಚಿಕ್ಕವನಿದ್ದಾಗ್ಲೂ ಓಣಿ ಹುಡುಗರು ಹೀಗೇ ಸೇರಿಸ್ಕೊಳ್ತಿದ್ರು. ಆಟಕ್ಕುಂಟು ಲೆಕ್ಕಕ್ಕಿಲ್ಲ."

ಜಗತ್ತಿನ ಯಾವ ಆಟದ ಭಾಷೆಯಲ್ಲೂ ಇದಕ್ಕೆ ಸರಿಸಾಟಿ ಪದ ನನಗೆ ಸಿಕ್ಕಿಲ್ಲ. ನೂಬ್ ಎಂದರೆ ಹೊರಗಟ್ಟುವ ಮಾತು, ಇದು ಒಳಗೆ ಕರೆಯುವ ಮಾತು. ಔಟಾದರೂ ಅಳಬೇಡ, ನಿನ್ನ ಪಾಲಿನ ಓಟ ಓಡು ಎನ್ನುವ ಮಾತು. ಕೊನೆಯ ಬೋಂಡಾ ಅಮ್ಮನಿಗೆ ಸಂದಿತು.

ಓದುಗರೇ, ನಿಮ್ಮ ಮನೆಯ ಮಹಡಿಯಿಂದಲೂ ಇಂಥ ಕೂಗು ಬರುತ್ತಿರಬಹುದು. ಸತ್ತೆ ಎಂದರೆ ಓಡಬೇಡಿ, ಬದುಕಿದ್ದಾನೆ. ಚಿಕನ್ ಡಿನ್ನರ್ ಎಂದರೆ ಸ್ನಾನ ಮಾಡಬೇಡಿ, ಗೆದ್ದಿದ್ದಾನೆ. ಲ್ಯಾಗ್ ಎಂದರೆ ವೈಫೈ ಕಂಪನಿಗೆ ಫೋನ್ ಮಾಡಬೇಡಿ, ಸೋತಿದ್ದಾನೆ. ಎಎಫ್‌ಕೆ ಎಂದರೆ ಮಾತ್ರ ಎಚ್ಚರವಾಗಿರಿ. ಕೀಬೋರ್ಡಿನಿಂದ ಎದ್ದೆ ಎಂದು ಅದರ ಅರ್ಥ. ಮೊಬೈಲಿಗೆ ಕೀಬೋರ್ಡ್ ಇಲ್ಲದಿದ್ದರೂ ಪದ ಉಳಿದಿದೆ. ದಿನಕ್ಕೊಮ್ಮೆ ಮಾತ್ರ ಕೇಳುವ ಪದ ಅದು, ಕೇಳಿದ ತಕ್ಷಣ ತಟ್ಟೆ ಹಾಕಿ.